ಬರೆದವರು ಯಾರು?

ಪಂಜೆಯವರ ನಾಗರಹಾವಿನ ಪದ್ಯ ಬಾರದ ಕನ್ನಡ ಶಾಲೆಯ ಮಗು ಸಿಗುವುದು ಕಷ್ಟ. ರಾಜರತ್ನಂ ಅವರ ತುತ್ತೂರಿ, ನಾಯಿಮರಿ ಅಂತೂ ಅಂಗನವಾಡಿಗೆ ಕಾಲಿಡುವ ಮೊದಲೇ ಬಾಯಿಗೆ ಬಂದಿರುತ್ತವೆ. ಅದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಇದನ್ನ ಬರೆದವರು ಯಾರು?’ ಅಂತ ಕೇಳಿ ನೋಡಿ. ಸಾಗರ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ನಾನು ಕೇಳಿದೆ. ಒಬ್ಬ ‘ಪುಸ್ತಕದವ್ರು’ ಅಂದ. ಇನ್ನೊಬ್ಬಳು ‘ಗೌರ್ಮೆಂಟಿನವ್ರು ಅಕ್ಕಾ’ ಅಂದಳು. ಮೂರನೆಯವನು ಸ್ವಲ್ಪ ಯೋಚನೆ ಮಾಡಿ, ‘ಯಾರೂ ಬರ್ದಿದ್ದಲ್ಲ, ಅದು ಮೊದ್ಲಿಂದ ಇತ್ತು’ ಅಂತ ತೀರ್ಮಾನ ಕೊಟ್ಟ.

ಮೂರನೆಯ ಉತ್ತರ ನನಗೆ ಬಹಳ ಹಿಡಿಸಿತು. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ? ಅವರ ಪದ್ಯ ಮಳೆಯ ಹಾಗೆ, ಅಂಗಳದ ಹಲಸಿನ ಮರದ ಹಾಗೆ ಮೊದಲಿಂದ ಇದ್ದದ್ದೇ ಆಗಿಬಿಟ್ಟಿದೆ. ಆದರೆ ಮಗುವಿನ ಕಡೆಯಿಂದ ನೋಡಿದರೆ ಇದರಲ್ಲೊಂದು ನಷ್ಟ ಇದೆ. ಯಾರದೋ ಮನೆಯ ಉಪ್ಪಿನಕಾಯಿ ರುಚಿಯಾಗಿದ್ದರೆ ನಾವು ಹಾಕಿದವರು ಯಾರು ಅಂತ ಕೇಳುತ್ತೇವೆ, ಮುಂದಿನ ವರ್ಷ ಅವರ ಮನೆಗೇ ಹೋಗಿ ಬಾಟ್ಲಿ ಹಿಡಿಯುತ್ತೇವೆ. ಕಥೆ ಚೆನ್ನಾಗಿತ್ತು ಅನ್ನುವ ಮಗುವಿಗೆ ಬರೆದವರ ಹೆಸರೇ ಗೊತ್ತಿಲ್ಲದಿದ್ದರೆ ಮತ್ತೆ ಯಾರ ಮನೆ ಬಾಗಿಲಿಗೆ ಹೋಗಬೇಕು?

ಹೋದ ಸಲ ತಾಳಗುಪ್ಪದ ರಾತ್ರಿ ರೈಲಿನ ಬಗ್ಗೆ ಇಲ್ಲಿ ಬರೆದಾಗ, ‘ತಿಂಗಳಿಗೊಮ್ಮೆ ಊರಿಗೆ ಹೋಗಿ ಅಂಥದ್ದೇನು ಮಾಡ್ತೀರಿ?’ ಅಂತ ಕೆಲವರು ಕೇಳಿದ್ದರು. ಅಮ್ಮ ಮಾಡಿದ ತೆಳ್ಳೇವು ತಿನ್ನುವುದು ಮೊದಲ ಕೆಲಸ. ಎರಡನೆಯದು ಇದು. ತಿಂಗಳಲ್ಲಿ ಒಂದು ಶನಿವಾರ, ಬೆಳಗಿನ ಶಾಲೆಯ ಕೊನೆಯ ಎರಡು ಪೀರಿಯಡ್ ನನಗೆ ಕೊಟ್ಟಿದ್ದಾರೆ.

ಶಾಲೆಯ ಗ್ರಂಥಾಲಯ ಅಂದರೆ ಹೆಡ್‌ಮಾಸ್ಟರ ಕೋಣೆಯ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರು. ಬಾಗಿಲ ಮೇಲೆ ಬಿಳಿ ಪೇಂಟಿನಲ್ಲಿ ‘ಗ್ರಂಥಾಲಯ’ ಅಂತ ಬರೆದಿದೆ. ಒಳಗೆ ಏನಿಲ್ಲ ಹೇಳಿ! ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲಿಕೆಯ ಪುಟಾಣಿ ಪುಸ್ತಕಗಳ ಕಟ್ಟು, ನವಕರ್ನಾಟಕದವರ ವಿಜ್ಞಾನದ ಪುಸ್ತಕಗಳು, ಕಾರಂತರ ಮೂರು ಸಂಪುಟದ ‘ಬಾಲ ಪ್ರಪಂಚ’ದಲ್ಲಿ ಎರಡು, ತೇಜಸ್ವಿಯವರ ಮಿಲೇನಿಯಮ್ ಸರಣಿಯ ಐದಾರು. ಒಳ್ಳೊಳ್ಳೆಯ ಪುಸ್ತಕಗಳೇ. ಬೀಗ ಮಾತ್ರ ಗಟ್ಟಿ.

ಸರ್ಕಾರಿ ಶಾಲೆಯ ಬೀರುವಿನ ಬೀಗ ನೋಡಿದ ತಕ್ಷಣ ಮೇಷ್ಟ್ರುಗಳನ್ನು ಬೈಯುವುದು ನಮ್ಮಂಥ ಪೇಟೆಯವರಿಗೆ ಅಭ್ಯಾಸ. ಬೀಗದ ಕೈ ಇರುವ ಅಕ್ಕೋರನ್ನು (ನಮ್ಮ ಕಡೆ ಟೀಚರಿಗೆ ಹಾಗೇ ಹೇಳುವುದು) ಕೇಳಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯಲ್ಲಿ ಒಂದು ನಂಬರಿದೆ. ಅವರಿಗೆ ವರ್ಗವಾದರೆ ಮುಂದೆ ಬರುವವರಿಗೆ ಒಂದೊಂದನ್ನೂ ಎಣಿಸಿ ಚಾರ್ಜ್ ಕೊಡಬೇಕು. ಕಡಿಮೆ ಬಿದ್ದರೆ ಅವರೇ ಜವಾಬು. ‘ಮಕ್ಕಳು ಎಷ್ಟು ಪುಸ್ತಕ ಓದಿದ್ರು ಅಂತ ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಕೇಳಿಲ್ಲ. ಎಷ್ಟು ಕಳೀತು ಅಂತ ಕೇಳ್ತಾರೆ,’ ಅಂದರು ಅಕ್ಕೋರು. ಅವರ ಜಾಗದಲ್ಲಿ ಯಾರಿದ್ದರೂ ಬೀಗ ಹಾಕುತ್ತಿದ್ದರು.

ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದದ್ದು 1931ರಲ್ಲಿ. ಗಣಿತದ ಮೇಷ್ಟ್ರಾಗಿದ್ದವರು, ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಅವರು ಅಲ್ಲಿ ಕಟ್ಟಿದ ಡಿಆರ್‌ಟಿಸಿ ಇವತ್ತೂ ಇದೆ. ಪುಸ್ತಕ ಇರುವುದು ಬಳಕೆಗೆ ಅನ್ನುವುದು ಅವರ ಮೊದಲ ಸೂತ್ರ. ಇಷ್ಟು ಸರಳ ಮಾತಿಗೆ ಸೂತ್ರ ಯಾಕೆ ಬೇಕು ಅನ್ನಿಸಬಹುದು. ಯೂರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಕಟ್ಟಿಡುತ್ತಿದ್ದರಂತೆ. ಆ ಸರಪಳಿ ಈಗ ದಾಸ್ತಾನು ವಹಿಯ ರೂಪದಲ್ಲಿದೆ, ಅಷ್ಟೇ ವ್ಯತ್ಯಾಸ.

ಬೀಗ ತೆಗೆಸಿದ್ದು ನನ್ನ ಭಾಷಣ ಅಲ್ಲ, ಎಸ್‌ಡಿಎಂಸಿಯ ಒಂದು ಠರಾವು. ಅಧ್ಯಕ್ಷರು ಅಡಿಕೆ ತೋಟದವರು, ಲೆಕ್ಕದಲ್ಲಿ ಗಟ್ಟಿ. ‘ಒಣಗಿಸಕ್ಕೆ ಹಾಕಿದ್ ಅಡಿಕೇಲೂ ಒಂದಿಷ್ಟು ಮಂಗ ತಿಂತದೆ, ಹಂಗಂತ ಒಣಗಿಸದೇ ಬಿಡ್ತ್ವಾ?’ ಅಂದರು. ವರ್ಷಕ್ಕೆ ಹತ್ತು ಪುಸ್ತಕದವರೆಗೆ ಕಳೆದರೆ ಪೋಷಕರೇ ಸೇರಿ ತಂದುಕೊಡುವುದು, ಟೀಚರ ಮೇಲೆ ಹಾಕುವಂತಿಲ್ಲ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿದರು. ಮಾರನೇ ವಾರ ಬೀರು ವರಾಂಡಕ್ಕೆ ಬಂತು.

ಆಫೀಸಿನಲ್ಲಿ ಈ ವಿಷಯ ಹೇಳಿದರೆ ಮೊದಲ ಪ್ರಶ್ನೆ, ‘ಆ್ಯಪ್ ಮಾಡಿದ್ಯಾ?’ ಇಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಕರೆಂಟು ಹೋದರೂ ನಡೆಯುತ್ತದೆ, ಮಳೆಗಾಲದ ನಾಲ್ಕು ತಿಂಗಳು ಅದು ದೊಡ್ಡ ಮಾತು. ಸ್ಕೇಲಿಟ್ಟು ನಾಲ್ಕು ಕಲಂ ಹಾಕಿದ್ದೇವೆ: ತಾರೀಕು, ಹೆಸರು, ಪುಸ್ತಕ, ಬರೆದವರು. ನಾಲ್ಕನೆಯ ಕಲಂ ತುಂಬದೆ ಪುಸ್ತಕ ಕೊಡುವುದಿಲ್ಲ. ನಿಯಮ ಇದೊಂದೇ.

ಈ ನಾಲ್ಕನೆಯ ಕಲಮ್ಮಿನ ಮಹಿಮೆ ನನಗೂ ನಿಧಾನಕ್ಕೆ ತಿಳಿಯಿತು. ಮೊದಲು ಮಕ್ಕಳು ಪ್ರಕಾಶಕರ ಹೆಸರು, ಮುದ್ರಣಾಲಯದ ಹೆಸರು, ಒಬ್ಬನಂತೂ ಐಎಸ್‌ಬಿಎನ್ ನಂಬರನ್ನೇ ಬರೆದ. ಆಮೇಲೆ ಹೆಸರು ಎಲ್ಲಿರುತ್ತದೆ ಅಂತ ಕಣ್ಣಿಗೆ ಗೊತ್ತಾಯಿತು. ಒಂದು ದಿನ ಆರನೇ ಕ್ಲಾಸಿನ ಹುಡುಗ ತನ್ನ ಸಾಲುಗಳನ್ನೇ ಮೇಲಿಂದ ಕೆಳಗೆ ನೋಡಿ, ‘ಅಕ್ಕಾ, ನಾನು ಮೂರ್ ಸಲ ಒಬ್ರದ್ದೇ ತಗಂಡೀನಿ’ ಅಂದ. ತೇಜಸ್ವಿ. ಹಾರುವ ತಟ್ಟೆ, ಪಾತಾಳ, ಬೇಟೆ ಅಂತ ವಿಷಯ ನೋಡಿ ಎತ್ತಿಕೊಂಡಿದ್ದ ಹುಡುಗನಿಗೆ, ಇವನ್ನೆಲ್ಲ ಹುಡುಕಿ ತನಗೆ ಹೇಳುತ್ತಿರುವ ಮನುಷ್ಯ ಒಬ್ಬನೇ ಅಂತ ಅವತ್ತು ಹೊಳೆಯಿತು. ಆವತ್ತಿನಿಂದ ಬೀರುವಿನಲ್ಲಿ ಪುಸ್ತಕಗಳನ್ನು ನಂಬರಿನ ಪ್ರಕಾರ ಅಲ್ಲ, ಬರೆದವರ ಪ್ರಕಾರ ಜೋಡಿಸುತ್ತಿದ್ದೇವೆ.

ತಿಂಗಳಿಗೆ ಒಬ್ಬರು ಲೇಖಕರು. ವರಾಂಡದ ಎರಡು ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಅವರ ಪುಸ್ತಕ ನೇತುಹಾಕುವುದು. ಜೊತೆಗೆ ಅರ್ಧ ಹಾಳೆಯಷ್ಟು ಅವರ ವಿಷಯ. ಇಲ್ಲಿ ನನ್ನದೊಂದು ಹಟ ಇದೆ. ಪಾಠಪುಸ್ತಕದ ಕವಿ ಪರಿಚಯದ ಧಾಟಿಯಲ್ಲಿ ಜನನ, ಕೃತಿಗಳು, ಪ್ರಶಸ್ತಿಗಳು ಅಂತ ಬರೆಯಕೂಡದು. ಆ ಧಾಟಿ ಓದಿದ ಕೂಡಲೇ ಮಕ್ಕಳ ಮುಖದಲ್ಲಿ ಎರಡು ಮಾರ್ಕಿನ ಪ್ರಶ್ನೆಯ ಕಳೆ ಬರುತ್ತದೆ. ಒಂದು ಮಗು ಇನ್ನೊಂದು ಮಗುವಿಗೆ ಓಡಿ ಹೋಗಿ ಹೇಳುವಂಥದ್ದು ಒಂದಾದರೂ ಇರಬೇಕು.

ಪಂಜೆ ಮಂಗೇಶರಾಯರನ್ನೇ ತಗೊಳ್ಳಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು ಅನ್ನುವುದರಿಂದ ಯಾವ ಮಗುವಿನ ಕಿವಿಯೂ ನೆಟ್ಟಗಾಗಲಿಲ್ಲ. ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು ಅಂದಾಗ ಸ್ವಲ್ಪ ಗಮನ ಬಂತು. ಇನ್‌ಸ್ಪೆಕ್ಷನ್ನಿಗೆ ಬರುವವರು ಹಾಡು ಬರೆಯುತ್ತಾರೆ ಅನ್ನುವುದನ್ನು ನಂಬಲು ಅಕ್ಕೋರೂ ತಯಾರಿರಲಿಲ್ಲ. ಅವರು ಒಂದಷ್ಟು ಬರಹಗಳಿಗೆ ತಮ್ಮ ಹೆಸರನ್ನೇ ತಿರುಗಿಸಿ ‘ರಾ.ಮ.ಪಂ.’ ಅಂತ ಹಾಕುತ್ತಿದ್ದರು, ಪದ್ಯಕ್ಕೆ ‘ಕವಿಶಿಷ್ಯ’ ಅಂತ ಇಟ್ಟುಕೊಂಡಿದ್ದರು ಅಂದೆ ನೋಡಿ, ಕ್ಲಾಸು ಕ್ಲಾಸೇ ಎದ್ದಿತು. ಆ ವಾರವಿಡೀ ಎಲ್ಲರ ಹೆಸರೂ ತಿರುಗುಮುರುಗು. ಹಾಜರಿ ಕರೆಯುವಾಗ ಅಕ್ಕೋರಿಗೆ ಸಾಕಾಗಿ ಹೋಯಿತಂತೆ. ಒಬ್ಬಳು ತನ್ನ ತಿರುಗಿಸಿದ ಹೆಸರಿನಲ್ಲೇ ನಾಲ್ಕು ಸಾಲಿನ ಕೋಳಿಪದ್ಯ ಬರೆದು ಹಗ್ಗಕ್ಕೆ ಸಿಕ್ಕಿಸಿದ್ದಳು. ನಿಜ ಹೆಸರಿನಲ್ಲಿ ಬರೆ ಅಂದಿದ್ದರೆ ಬರೆಯುತ್ತಿರಲಿಲ್ಲ ಅಂತ ನನ್ನ ಗುಮಾನಿ.

ರಾಜರತ್ನಂ ತಿಂಗಳಿನಲ್ಲಿ ಒಂದು ಸಣ್ಣ ಧರ್ಮಸಂಕಟ. ತುತ್ತೂರಿ ಬರೆದವರೇ ಹೆಂಡ ಕುಡಿಯುವ ರತ್ನನ ಪದಗಳನ್ನೂ ಬರೆದದ್ದು ಅಂತ ಹೇಳುವುದಾ ಬೇಡವಾ? ಹೇಳಿದೆವು, ಅವರು ಸ್ವತಃ ಒಂದು ತೊಟ್ಟೂ ಕುಡಿದವರಲ್ಲ ಅನ್ನುವುದನ್ನೂ ಸೇರಿಸಿ. ‘ಮತ್ತೆ ಅವ್ರಿಗೆ ಹೆಂಗ್ ಗೊತ್ತಾತು?’ ಅಂತ ಬಂತು ಪ್ರಶ್ನೆ. ಸಾಹಿತ್ಯದ ಎಂ.ಎ. ತರಗತಿಯಲ್ಲಿ ಕೇಳಬಹುದಾದ ಪ್ರಶ್ನೆ, ಐದನೇ ಕ್ಲಾಸಿನ ಹುಡುಗನಿಂದ.

ಎಲ್ಲರಿಗಿಂತ ಹೆಚ್ಚು ಓಡಿದ್ದು ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’. ನಿಮ್ಮಲ್ಲಿ ಕೆಲವರ ಅಮ್ಮಂದಿರ ಕಪಾಟಿನಲ್ಲಿ ಅವರ ‘ತಾಯಿ ಮಗು’ ಇದ್ದೀತು. ವೃತ್ತಿಯಿಂದ ಡಾಕ್ಟರು, ಕಾದಂಬರಿಕಾರ್ತಿ. ಅಷ್ಟರ ನಡುವೆ ಮಕ್ಕಳಿಗೆ ದಿನಕ್ಕೊಂದರ ಲೆಕ್ಕದಲ್ಲಿ ಹನ್ನೆರಡು ಸಂಪುಟ ಕಥೆ ಬರೆದರು. ನಾವೊಂದು ಆಟ ಮಾಡಿಕೊಂಡೆವು: ಹುಟ್ಟಿದ ತಿಂಗಳೆಷ್ಟೋ ಅಷ್ಟನೇ ಸಂಪುಟ, ಹುಟ್ಟಿದ ದಿನವೆಷ್ಟೋ ಅಷ್ಟನೇ ಕಥೆ. ಅದು ನಿನ್ನ ಕಥೆ. ಕನ್ನಡ ಓದಲು ತಡವರಿಸುವ ಹುಡುಗನೂ ‘ನನ್ನ ಕಥೆ’ಗೆ ಒಂದೂವರೆ ಗಂಟೆ ಕೂತ. ಅಕ್ಕೋರೂ ಬಂದರು, ಬಿಸಿಯೂಟ ಮಾಡುವ ಇಬ್ಬರೂ ಸೌಟು ಬಿಟ್ಟು ಬಂದರು. ನೋಡಿದರೆ ಮೂವರದೂ ಜೂನ್ 1! ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟರು ಬರೆದುಕೊಂಡ ತಾರೀಕು. ನಮ್ಮ ನಾಡಿನಲ್ಲಿ ಒಂದಿಡೀ ತಲೆಮಾರು ಹುಟ್ಟಿದ್ದೇ ಆವತ್ತು. ಆರನೇ ಸಂಪುಟದ ಮೊದಲ ಕಥೆಯನ್ನು ಮೂವರೂ ಹಂಚಿಕೊಂಡು ಓದಿದರು.

ಆಗಸ್ಟಿನಲ್ಲಿ ಹಗ್ಗಕ್ಕೆ ನಾ. ಡಿಸೋಜ ಅವರು ಬಂದರು. ಬೀರುವಿನಲ್ಲಿದ್ದದ್ದು ಅವರ ಒಂದೇ ಪುಸ್ತಕ, ‘ಮುಳುಗಡೆಯ ಊರಿಗೆ ಬಂದವರು’. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಮಕ್ಕಳ ಕಾದಂಬರಿ ಅದು. ಅವರು ಸಾಗರದವರು ಅಂತ ನಾನು ಹೇಳಿದ ಕೂಡಲೇ ಗಲಾಟೆ ನಿಂತಿತು.

‘ಸಾಗರ ಅಂದ್ರೆ ನಮ್ ಸಾಗರನಾ ಅಕ್ಕಾ?’

‘ಹೂಂ, ನಮ್ ಸಾಗರನೇ.’

‘ಗಣಪತಿ ಕೆರೆ ಇರೋ ಸಾಗರ?’

ಅದೇ ಸಾಗರ. ಬರೆಯುವವರು ಅಂದರೆ ಬೆಂಗಳೂರು, ಮೈಸೂರಿನವರು, ಅದೂ ತೀರಿಕೊಂಡವರು ಅಂತ ಮಕ್ಕಳ ಲೆಕ್ಕ. ಪಾಠಪುಸ್ತಕದಲ್ಲಿ ಹೆಸರಿನ ಮುಂದೆ ಎರಡು ಇಸವಿ ಇರುತ್ತವಲ್ಲ. ಇವರು 2025ರ ಜನವರಿಯವರೆಗೂ ಇದ್ದರು. ಅವರನ್ನು ಪೇಟೆಯಲ್ಲಿ ಕಂಡು ಮಾತಾಡಿಸಿದವರು ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲೇ ಇದ್ದಾರೆ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿ ಯೋಜನೆಯನ್ನು ಹತ್ತಿರದಿಂದ ನೋಡಿದವರು ಅವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ನಾಡಿಗೆ ಬೆಳಕು ಬಂತು, ಊರೂರೇ ನೀರಿನ ಅಡಿಗೆ ಹೋದವು. ಅವರು ಅದನ್ನೇ ಮತ್ತೆ ಮತ್ತೆ ಬರೆದರು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಸಿನಿಮಾ ಕೂಡ ಅವರ ಕಾದಂಬರಿಯಿಂದಲೇ ಬಂದದ್ದು.

ನಮ್ಮ ಶಾಲೆಯಲ್ಲಿ ಮುಳುಗಡೆಯ ಮನೆಗಳ ಮೊಮ್ಮಕ್ಕಳು ಬಹಳ. ಆದರೆ ಮುಳುಗಡೆ ಅನ್ನುವ ಶಬ್ದ ಅವರಿಗೆ ಮನೆಯ ದೊಡ್ಡವರು ಯಾವುದೋ ಅರ್ಜಿ, ಹಕ್ಕುಪತ್ರದ ವಿಷಯಕ್ಕೆ ಆಡುವ ಮಾತು. ಅದರ ಮೇಲೆ ಮಕ್ಕಳ ಪುಸ್ತಕ ಇರಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ತಗೊಂಡು ಹೋದಳು. ವಾರ ಕಳೆಯಿತು, ತಿಂಗಳು ಕಳೆಯಿತು, ಪುಸ್ತಕ ಬರಲಿಲ್ಲ. ಸೆಪ್ಟೆಂಬರಿನಲ್ಲಿ ನಾನು ಹೋದಾಗ ಅಕ್ಕೋರು ಮೊದಲು ಎತ್ತಿದ್ದು ಅದೇ ಮಾತು. ಅದೊಂದೇ ಪ್ರತಿ, ಮೇಲಾಗಿ ಪ್ರಶಸ್ತಿ ಬಂದ ಪುಸ್ತಕ. ಹುಡುಗಿಯನ್ನು ಕೇಳಿದರೆ ನೆಲ ನೋಡುತ್ತಾಳೆ. ಕೊನೆಗೆ ಬಾಯಿ ಬಿಟ್ಟಳು: ‘ಅಜ್ಜ ಕೊಡ್ತಾ ಇಲ್ಲ.’

ಅಜ್ಜ ಓದಿದ್ದು ಎರಡನೇ ಕ್ಲಾಸು. ಮೂರಕ್ಕೆ ಹೋಗುವಷ್ಟರಲ್ಲಿ ಊರು ಬಿಡಬೇಕಾಯಿತು. ಶಾಲೆಯೂ ಊರಿನ ಜೊತೆಗೇ ಹೋಯಿತು. ರಾತ್ರಿ ಊಟವಾದ ಮೇಲೆ ಮೊಮ್ಮಗಳು ಜಗಲಿಯಲ್ಲಿ ಓದಿ ಹೇಳಬೇಕು, ಅಜ್ಜ ನಡುನಡುವೆ ನಿಲ್ಲಿಸಿ ‘ಹಂಗಲ್ಲ ಅದು, ನಮ್ಮಲ್ಲಿ ಹಿಂಗಿತ್ತು’ ಅಂತ ಶುರು ಮಾಡಿದರೆ ಆವತ್ತಿಗೆ ಎರಡೇ ಪುಟ. ಒಮ್ಮೆ ಮುಗಿದ ಮೇಲೆ ಮೊದಲಿಂದ ಓದು ಅಂದರಂತೆ. ಅವಳಿಗೆ ಪುಸ್ತಕ ಬಾಯಿಪಾಠ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದೂ ಕೇಳಿರದ ಅಜ್ಜನ ಊರು ಬಾಯಿಪಾಠ ಬಂದಿತ್ತು.

ದೀಪಾವಳಿ ರಜೆ ಮುಗಿದ ಮೇಲೆ ಪುಸ್ತಕ ವಾಪಸ್ ಬಂತು, ದಿನಪತ್ರಿಕೆಯ ರಟ್ಟು ಹಾಕಿಸಿಕೊಂಡು. ಹಿಂಬದಿಯ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ, ಎರಡನೇ ಕ್ಲಾಸಿಗೆ ನಿಂತುಹೋದ ಅಕ್ಷರದಲ್ಲಿ, ಮೇಲಿನ ಕೇರಿಯಿಂದ ಹೊಳೆಯವರೆಗೆ ಹನ್ನೊಂದು ಮನೆಗಳ ಹೆಸರು ಸಾಲಾಗಿ ಬರೆದಿತ್ತು. ಐದನೆಯದರ ಮುಂದೆ ಮಾತ್ರ ‘ನಮ್ದು’ ಅಂತ.

ಪುಸ್ತಕದ ಮೇಲೆ ಗೀಚಬಾರದು ಅಂತ ಬೀರುವಿನ ಬಾಗಿಲಿಗೇ ಬರೆದು ಅಂಟಿಸಿದ್ದೇವೆ. ‘ಅಜ್ಜನಿಗೆ ದಂಡ ಇಲ್ವಾ?’ ಅಂತ ಒಬ್ಬ ಕೇಳಿದ. ಅಕ್ಕೋರು ಅವನಿಗೆ ಉತ್ತರ ಕೊಡದೆ ಪುಟ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ ಆ ಪುಸ್ತಕಕ್ಕೆ ಸರದಿ ಹಚ್ಚಬೇಕಾಯಿತು. ಇನ್ನೊಂದು ಮನೆಯಿಂದ ಬಂದಾಗ ಮತ್ತೆ ನಾಲ್ಕು ಹೆಸರು ಸೇರಿದ್ದವು, ಈ ಸಲ ಅಜ್ಜಿ ಹೇಳಿದ್ದನ್ನು ಮೊಮ್ಮಗ ನೀಲಿ ಪೆನ್ನಿನಲ್ಲಿ ಬರೆದದ್ದು. ಅದನ್ನು ಆಮೇಲೆ ತಗೊಂಡ ಆರನೇ ಕ್ಲಾಸಿನವನು ನಾಲ್ಕನೇ ಕಲಮ್ಮಿನಲ್ಲಿ ‘ನಾ. ಡಿಸೋಜ ಮತ್ತು ಅಜ್ಜಂದಿರು’ ಅಂತ ಬರೆದಿದ್ದಾನೆ. ತಿದ್ದಲಿಲ್ಲ.

ಇಷ್ಟು ಓದಿ ನಿಮಗೂ ಪುಸ್ತಕ ಕಳಿಸೋಣ ಅನ್ನಿಸಿದರೆ ಒಂದು ಕೋರಿಕೆ. ಅಟ್ಟ ಸ್ವಚ್ಛ ಮಾಡಿದ್ದನ್ನು ಶಾಲೆಗೆ ಕಳಿಸಬೇಡಿ. ಹೋದ ವರ್ಷ ಬೆಂಗಳೂರಿನಿಂದ ಮೂರು ರಟ್ಟಿನ ಡಬ್ಬ ಬಂದವು. ಅದರಲ್ಲಿ ಸಿಇಟಿ ಗೈಡುಗಳು, ಜಾವಾ ಕಲಿಸುವ ಎರಡು ದಪ್ಪ ಪುಸ್ತಕ, ಹೊಟ್ಟೆ ಕರಗಿಸುವ ಬಗೆ ಹೇಳುವ ಒಂದು ಪುಸ್ತಕ ಇದ್ದವು. ಬಡ ಮಕ್ಕಳಿಗೆ ಏನು ಕೊಟ್ಟರೂ ನಡೆಯುತ್ತದೆ ಅನ್ನುವ ಭಾವನೆ ನನಗೆ ಸಿಟ್ಟು ಬರಿಸುತ್ತದೆ. ಒಂದು ಪಿಜ್ಜಾದ ದುಡ್ಡಿಗೆ ಮೂರ್ನಾಲ್ಕು ಹೊಸ ಕನ್ನಡ ಮಕ್ಕಳ ಪುಸ್ತಕ ಬರುತ್ತವೆ. ಅದರಲ್ಲೂ ಈಗ ಬರೆಯುತ್ತಿರುವವರದು ತನ್ನಿ. ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಯನ್ನೇ ಹಿಡಿದರೂ ಸಾಕು: 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’. ಬೀಗಾರರು ನಮ್ಮ ಪಕ್ಕದ ಸಿದ್ದಾಪುರದವರು, ಮೇಷ್ಟ್ರಾಗಿದ್ದವರು. ಅವರು ಇದ್ದಾರೆ, ಪತ್ರ ಬರೆದರೆ ತಲುಪುತ್ತದೆ ಅಂತ ಗೊತ್ತಾದ ದಿನ ಮಕ್ಕಳು ಅಂಚೆ ಕಾರ್ಡಿಗೆ ದುಡ್ಡು ಕೂಡಿಸಲು ಶುರು ಮಾಡಿದರು.

ದುಡ್ಡಿಲ್ಲದ ಶಾಲೆಗೂ ದಾರಿ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಬಿಟ್ಟಿ ಸಿಗುತ್ತವೆ, ಪ್ರಿಂಟ್ ತೆಗೆದು ಹೊಲಿಯಬಹುದು. ಅವುಗಳಲ್ಲಿ ಬರೆದವರ ಜೊತೆ ಚಿತ್ರ ಬಿಡಿಸಿದವರ, ಅನುವಾದ ಮಾಡಿದವರ ಹೆಸರೂ ಇರುತ್ತದೆ. ಅದನ್ನು ನೋಡಿದ ಮೇಲೆ ನಮ್ಮ ನೋಟ್‌ಬುಕ್ಕಿಗೆ ಐದನೆಯ ಕಲಂ ಬಂದಿದೆ: ಚಿತ್ರ. ಹಳೆಯ ಕನ್ನಡ ಪುಸ್ತಕಗಳಿಗೆ ಈ ಕಲಂ ತುಂಬುವುದೇ ಕಷ್ಟ. ಚಿತ್ರ ಬರೆದವರನ್ನು ಎಷ್ಟೋ ಕಡೆ ಹೆಸರಿಸಿಯೇ ಇಲ್ಲ. ಮಕ್ಕಳು ಚಿತ್ರದ ಮೂಲೆಯ ಸಣ್ಣ ಸಹಿಯನ್ನು ಕಣ್ಣು ಕಿರಿದು ಮಾಡಿ ಓದಲು ನೋಡುತ್ತಾರೆ.

ಈ ವರ್ಷ ಅಕ್ಕೋರ ಹೆಸರು ವರ್ಗಾವಣೆಯ ಪಟ್ಟಿಯಲ್ಲಿದೆ. ಹೊಸಬರು ಬಂದು ಬೀರುವನ್ನು ಮತ್ತೆ ಒಳಗೆ ಸರಿಸಿದರೆ ಕೇಳುವವರಿಲ್ಲ. ಎಸ್‌ಡಿಎಂಸಿಯ ಅವಧಿಯೂ ಮುಗಿಯುತ್ತಾ ಬಂದಿದೆ. ಹೋದ ಶನಿವಾರ ನಾವಿಬ್ಬರೂ ಕೂತು ಚಾರ್ಜ್ ಪಟ್ಟಿ ತಯಾರು ಮಾಡಿದೆವು. ಏಳು ಪುಸ್ತಕ ಕಡಿಮೆ ಬಿದ್ದವು, ಹತ್ತರ ಒಳಗೇ. ಪಟ್ಟಿಯ ಕೊನೆಗೆ ಷರಾ ಅಂತ ಒಂದು ಕಲಂ ಇರುತ್ತದೆ. ‘ಹರಿದಿದೆ’, ‘ರಟ್ಟು ಇಲ್ಲ’, ‘ಗೆದ್ದಲು’ ಅಂತ ಒಂದೊಂದೇ ಬರೆಯುತ್ತಾ ಬಂದ ಅಕ್ಕೋರು ಡಿಸೋಜರ ಪುಸ್ತಕದ ಮುಂದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ಬರೆದರು: ‘ಸುಸ್ಥಿತಿಯಲ್ಲಿದೆ. ಹಿಂಬದಿ ಪುಟಗಳಲ್ಲಿ ಬರಹವಿದ್ದು, ಅಳಿಸತಕ್ಕದ್ದಲ್ಲ.’